ಪ್ರಭಾವಳಿಗೆ ಅಂಟಿದ ಡ್ರೈವರ್

“ಶುಕ್ರವಾರ ಸಂಜೆಯೊಳಗೆ ಆ ಲ್ಯಾಪ್‌ಟಾಪಿಗೆ ವೈರ್‌ಲೆಸ್ ಬರಿಸದೇ ಹೋದ್ರೆ ನನ್ನ ಬಿ.ಎಸ್ಸಿ. ಸರ್ಟಿಫಿಕೇಟನ್ನ ಬೋಂಡಾ ಕಟ್ಟೋಕೆ ಕೊಟ್ಟುಬಿಡ್ತೀನಿ!”

ಹೀಗೆ ಘೋರ ಪ್ರತಿಜ್ಞೆ ಮಾಡಿದವಳು ಶಿರಾ ಗೇಟ್ ಹತ್ತಿರದ ಮನೆಯೊಂದರ ಸೊಸೆ ಮೈತ್ರೇಯಿ. ಪ್ರತಿಜ್ಞೆಗೆ ಸಾಕ್ಷಿಗಳು ಇಬ್ಬರೇ. ಒಲೆಯ ಮೇಲಿನ ಕುಕ್ಕರ್ ಮತ್ತು ಸೊಂಟದ ಮೇಲಿದ್ದ ಒಂದೂವರೆ ವರ್ಷದ ಮಗಳು ಇಂಚರ. ಕುಕ್ಕರ್ ಕೂಗಿ ಅನುಮೋದಿಸಿತು. ಇಂಚರ ಅಮ್ಮನ ಮೂಗು ಹಿಡಿದು ಎಳೆದಳು.

೨೦೦೭ರ ಶ್ರಾವಣ ಅದು. ಮೈತ್ರೇಯಿಯ ಗಂಡ ಅನಿಕೇತ್ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಲೆಕ್ಚರರ್. “ಆಷಾಢ ಕಣೋ, ಹೊಸ ವಸ್ತು ತರಬೇಡ” ಎಂದು ಅವನ ತಾಯಿ ಅಲಮೇಲಮ್ಮ ಬಾಗಿಲಿಗೆ ಅಡ್ಡ ನಿಂತರೂ ಕೇಳದೆ ಆಷಾಢದಲ್ಲೇ ಲ್ಯಾಪ್‌ಟಾಪ್ ತಂದ. ತಂದ ದಿನವೇ ಅದರಲ್ಲಿದ್ದ ವಿಂಡೋಸನ್ನು ಕಿತ್ತೆಸೆದು ಲಿನಕ್ಸ್ ಕೂರಿಸಿದ.

“ವಿಂಡೋಸ್ ಅಂದ್ರೆ ಬಾಡಿಗೆ ಮನೆ ಮೈತ್ರಿ. ಲಿನಕ್ಸ್ ಅಂದ್ರೆ ಸ್ವಂತ ಮನೆ. ಗೋಡೆ ಒಡಿ, ಬಾಗಿಲು ತಿರುಗಿಸು, ಕೇಳೋರಿಲ್ಲ!”

ಸ್ವಂತ ಮನೆಯೇನೋ ಸರಿ, ನಲ್ಲಿಯಲ್ಲಿ ನೀರು ಬರಲಿಲ್ಲ. ಟೆಲಿಫೋನ್ ಆಫೀಸಿನಿಂದ ಕೊಂಬಿರುವ ಮೋಡೆಮ್ ಬಂತು, ಗಾಳಿಯಲ್ಲೇ ಇಂಟರ್‌ನೆಟ್ ಹರಿಸಿತು. ಅದನ್ನು ಹಿಡಿಯುವ ವೈರ್‌ಲೆಸ್ ಕಾರ್ಡೂ ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಇತ್ತು. ಆದರೆ ಲಿನಕ್ಸ್ ಮಹಾಶಯನಿಗೆ ಆ ಕಾರ್ಡಿನ ಗುರುತೇ ಸಿಗಲೊಲ್ಲದು! ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಇಬ್ಬರೂ ಮುಖ ತಿರುಗಿಸಿ ಕೂತರು. ಬೇರೆ ದಾರಿ ಕಾಣದೆ ಅನಿಕೇತ್ ಹಾಲಿನ ಆ ಮೂಲೆಯಿಂದ ಈ ಮೂಲೆಗೆ ಹಳದಿ ವೈರು ಎಳೆದ. ಅಲಮೇಲಮ್ಮ ಎರಡು ಸಲ ಎಡವಿದರು. ಹಲ್ಲು ಬರುತ್ತಿದ್ದ ಇಂಚರ ಅದನ್ನು ಕಬ್ಬಿನ ಜಲ್ಲೆಯೆಂದೇ ತಿಳಿದಳು.

“ವೈರ್ ಕಚ್ಚಿ ಮಗೂಗೆ ಶಾಕ್ ಹೊಡೆದ್ರೆ?” ಎಂದು ಮೈತ್ರೇಯಿ ಬೆಳಿಗ್ಗೆ ಹೆದರಿದಳು. “ವೈರ್ ಇಲ್ಲದೆ ಗಾಳೀಲಿ ಬಂದ್ರೆ ಅದು ಮಗೂ ತಲೆಯೊಳಗೂ ಹೋಗಲ್ವೇನ್ರೀ?” ಎಂದು ಸಂಜೆ ಹೆದರಿದಳು. ಅವಳಿಗೆ ಹೆದರಿಕೆ ಬರಲು ಯಾವ ವೈರೂ ಬೇಕಿರಲಿಲ್ಲ.

ಈ ಎಲ್ಲ ಭಯಗಳನ್ನೂ ನುಂಗಿ ನೀರು ಕುಡಿಯುವಂಥದ್ದು ಮಾತ್ರ ದಿನಾ ಊಟದ ಹೊತ್ತಿಗೆ ಬರುತ್ತಿತ್ತು.

“ತ್ರಿವೇಣಿ ಮೇಡಂ ಅಂದ್ರು, ಕಾರ್ಡ್ ಏನೂ ಕೆಟ್ಟಿಲ್ವಂತೆ. ಅದಕ್ಕೆ ಡ್ರೈವರ್ ಅನ್ನೋ ಪ್ರೋಗ್ರಾಂ ಹಾಕ್ಬೇಕಂತೆ.”

“ಓಹೋ.”

“ತ್ರಿವೇಣಿ ಮೇಡಂ ಅಂದ್ರು, ಲಿನಕ್ಸ್‌ನಲ್ಲಿ ತಾಳ್ಮೆ ಮುಖ್ಯ ಅಂತೆ.”

“ಸಾರಿಗೆ ಉಪ್ಪು ಸರಿಯಾಗಿದೆಯಾ?”

“ಹೂಂ. ತ್ರಿವೇಣಿ ಮೇಡಂ...”

“ಉಪ್ಪಿನ ವಿಷಯಕ್ಕೂ ಏನಾದ್ರೂ ಅಂದ್ರಾ?”

ತ್ರಿವೇಣಿ ಮೇಡಂ ಎಂದರೆ ಗುಬ್ಬಿಯಿಂದ ದಿನಾ ಓಡಾಡುವ ಹೊಸ ಲೆಕ್ಚರರ್. ಮೈತ್ರೇಯಿ ಅವಳನ್ನು ಕಣ್ಣಾರೆ ಕಂಡಿರಲಿಲ್ಲ. ಕಾಣದೇ ಇದ್ದುದರಿಂದ ತ್ರಿವೇಣಿ ದಿನೇ ದಿನೇ ಚೆಲುವೆಯಾಗುತ್ತಿದ್ದಳು. ಸೋಮವಾರ ಅವಳಿಗೆ ಮಂಡಿಯುದ್ದ ಜಡೆ ಬೆಳೆಯಿತು. ಮಂಗಳವಾರ ಕೆನ್ನೆಯಲ್ಲಿ ಗುಳಿ ಬಿತ್ತು. ಆ ಸೋಮವಾರವೇ ಅನಿಕೇತ್ ಬಾಂಬು ಹಾಕಿದ್ದ:

“ಶುಕ್ರವಾರ ವರಮಹಾಲಕ್ಷ್ಮಿಗೆ ಮೇಡಂ ರಜಾ ಹಾಕಿದಾರೆ. ಸಂಜೆ ನಮ್ಮನೆಗೇ ಬಂದು ವೈರ್‌ಲೆಸ್ ಸರಿ ಮಾಡಿಕೊಡ್ತಾರಂತೆ. ಹಾಗೇ ಅರಿಸಿನ ಕುಂಕುಮಾನೂ ಆಗುತ್ತೆ.”

“ಬರಲಿ ಪಾಪ. ಗಂಡ ಏನ್ ಮಾಡ್ತಾರಂತೆ?” ಎಂದು ಅಲಮೇಲಮ್ಮ ಕೇಳಿದರು.

“ಇನ್ನೂ ಮದುವೆ ಆಗಿಲ್ಲಮ್ಮ.”

ಮೈತ್ರೇಯಿಯ ಕೈಯ ಸೌಟು ಸಾರಿನ ಪಾತ್ರೆಯೊಳಗೆ ಮುಳುಗಿಹೋಯಿತು. ಹಬ್ಬದ ದಿನ, ತನ್ನ ಮನೆಯ ಹಾಲಿನಲ್ಲಿ, ತನ್ನ ಗಂಡನ ಲ್ಯಾಪ್‌ಟಾಪಿನ ವೈರ್‌ಲೆಸ್ ದೀಪವನ್ನು ಇನ್ನೊಬ್ಬಳು ಬಂದು ಹಚ್ಚುವುದೇ? ಕಂಪ್ಯೂಟರ್ ಸೈನ್ಸಿನಲ್ಲಿ ಫಸ್ಟ್ ಕ್ಲಾಸ್ ಪಾಸಾದವಳು ತಾನು, ಪಕ್ಕದಲ್ಲಿ ನಿಂತು ಕಾಫಿ ಲೋಟ ಹಿಡಿಯುವುದೇ? ಅವಳು ಬರುವಷ್ಟರಲ್ಲಿ ದೀಪ ಉರಿಯುತ್ತಿರಬೇಕು! “ಅಯ್ಯೋ, ಅದಾ? ಆವಾಗ್ಲೇ ಆಯ್ತಲ್ಲ! ಬನ್ನಿ, ಕೋಸಂಬರಿ ತಿನ್ನಿ” ಅನ್ನಬೇಕು! ಪ್ರತಿಜ್ಞೆ ಹುಟ್ಟಿದ್ದು ಆಗ.

ಆದರೆ ಮಂಗಳವಾರ, ಬುಧವಾರ ಇನ್ನೊಂದು ಹೊಟ್ಟೆಕಿಚ್ಚಿಗೆ ಮೀಸಲಾಗಿದ್ದವು. ಹೋದ ವರ್ಷ ಕುಣಿಗಲ್ಲಿನ ನಾದಿನಿ ತಮ್ಮ ಮನೆಯ ಲಕ್ಷ್ಮಿಗೆ ನವಿಲುಗರಿಯ ಪ್ರಭಾವಳಿ ಮಾಡಿ ಇಡೀ ನೆಂಟರಿಷ್ಟರ ಬಾಯಲ್ಲಿ ಮೆರೆದಿದ್ದಳು. ಅದಕ್ಕೆ ಉತ್ತರವಾಗಿ ಈ ವರ್ಷ ಮೈತ್ರೇಯಿ ಕಂಡುಹಿಡಿದದ್ದು ಸಿಡಿ ಪ್ರಭಾವಳಿ! ಗಂಡನ ಡ್ರಾಯರಿನಲ್ಲಿ ಧೂಳು ತಿನ್ನುತ್ತಿದ್ದ ಇಪ್ಪತ್ತೊಂದು ಸಿಡಿಗಳನ್ನು ಬಳಿದುಕೊಂಡು, ಮಿರುಗುವ ಮೈ ಮುಂದಕ್ಕೆ, ಹೆಸರು ಬರೆದ ಬೆನ್ನು ಹಿಂದಕ್ಕೆ ಮಾಡಿ, ಒಂದು ಡಬ್ಬಿ ಗಮ್ಮು ಸುರಿದು ಥರ್ಮೋಕೋಲಿಗೆ ಅಂಟಿಸಿದಳು. ಅಂಚಿಗೆ ಜರಿ ಸುತ್ತಿದಳು. ದೀಪ ಹಚ್ಚಿದರೆ ಏಳೂ ಬಣ್ಣ! ಕುಣಿಗಲ್ಲಿನ ನವಿಲು ಗರಿ ಮುದುರಿಕೊಳ್ಳಬೇಕು!

ಗುರುವಾರ ಹೂ ತರುವ ನೆಪದಲ್ಲಿ ಮಗುವನ್ನೆತ್ತಿಕೊಂಡು ಶಿರಾ ಗೇಟಿನ ಸೈಬರ್ ಸೆಂಟರಿಗೆ ಹೋದಳು. ಲಿನಕ್ಸಿನಲ್ಲಿ ಆ ಕಾರ್ಡನ್ನು ಎಬ್ಬಿಸುವ ವಿಧಿವಿಧಾನವನ್ನು ಹುಡುಕಿ ಹನ್ನೊಂದು ಪುಟ ಪ್ರಿಂಟ್ ತೆಗೆಸಿದಳು.

“ಮೇಡಂ, ಬೇಗ ಮುಗಿಸಿ. ಪಾಪು ನನ್ ಮೌಸಿನ ಬಾಲ ಕಡೀತೈತೆ!” ಎಂದು ಸೆಂಟರಿನವನು ಅವಸರಪಡಿಸಿದ. ಓದಲು ಪುರಸೊತ್ತೆಲ್ಲಿ? ಹೂವಿನ ಚೀಲಕ್ಕೆ ತುರುಕಿಕೊಂಡು ಬಂದಳು.

ಶುಕ್ರವಾರ ಬೆಳಗಿನ ಜಾವ ಕಲಶ ಕೂತಿತು. ಪೂಜೆ ಆಯಿತು, ಒಬ್ಬಟ್ಟಿನ ಊಟ ಆಯಿತು. ಅಲಮೇಲಮ್ಮ ಮಗ್ಗುಲಾದರು, ಇಂಚರ ನಿದ್ದೆ ಹೋದಳು. ಮೂರೂವರೆಗೆ ಅನಿಕೇತ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತ.

“ಮೇಡಂಗೆ ನಮ್ಮನೆ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿಂದ ಸ್ಕೂಟರಲ್ಲಿ ಕರ್ಕೊಂಡು ಬರ್ತೀನಿ.”

“ಪೌಡರ್ ಸ್ವಲ್ಪ ಕಡಿಮೆ ಆಯ್ತು ನೋಡಿ.”

ಅವನಿಗೆ ಕೇಳಿಸಲಿಲ್ಲ. ಚಾರ್ಜಿಗೆ ಹಾಕಿದ್ದ ಮೊಬೈಲನ್ನೂ ಮರೆತು ಹೊರಟೇಹೋದ.

ಮೈತ್ರೇಯಿ ಲ್ಯಾಪ್‌ಟಾಪ್ ತೆರೆದು, ಹನ್ನೊಂದು ಪುಟ ಹರಡಿಕೊಂಡು ಕೂತಳು. ಎಂಟು ಪುಟ ಸಲೀಸು. ಒಂಬತ್ತನೆಯದರಲ್ಲಿ ಹೀಗಿತ್ತು: ಈ ಕಾರ್ಡಿಗೆ ಲಿನಕ್ಸಿನ ಡ್ರೈವರ್ ಇಲ್ಲ, ವಿಂಡೋಸಿನದನ್ನೇ ತಂದು ಲಿನಕ್ಸಿಗೆ ಒಪ್ಪಿಸಬೇಕು. ಆಹಾ, ಗಂಡನ ಸ್ವಂತ ಮನೆಯ ಜಂಬವೇ! ನೀರು ಬರಬೇಕಾದರೆ ಸವತಿಯ ಮನೆಗೆ ಕೊಡ ಹಿಡಿದು ಹೋಗಬೇಕು! ಸರಿ, ಆ ಡ್ರೈವರ್ ಸಿಗುವುದೆಲ್ಲಿ? ‘ಲ್ಯಾಪ್‌ಟಾಪಿನ ಜೊತೆ ಕಂಪನಿಯವರು ಕೊಟ್ಟ ಸಿಡಿಯಲ್ಲಿ.’

ಡ್ರಾಯರ್ ಎಳೆದಳು. ಖಾಲಿ! ಯಾರಪ್ಪಾ ಹೀಗೆ ಗುಡಿಸಿ ಸಾರಿಸಿದವರು ಎಂದು ಸಿಟ್ಟು ಬರುವಷ್ಟರಲ್ಲಿ, ಕುತ್ತಿಗೆ ತಾನೇ ತಾನಾಗಿ ಹಾಲಿನ ಕಡೆ ತಿರುಗಿತು. ಮಂಟಪದಲ್ಲಿ ಮಹಾಲಕ್ಷ್ಮಿ ಮುಗುಳ್ನಗುತ್ತಿದ್ದಳು. ಅವಳ ತಲೆಯ ಹಿಂದೆ ಇಪ್ಪತ್ತೊಂದು ಸಿಡಿಗಳು ಏಳೇಳು ಬಣ್ಣದಲ್ಲಿ ನಗುತ್ತಿದ್ದವು.

ಮೈತ್ರೇಯಿ ಓಡಿಹೋಗಿ ಅತ್ತೆಯ ಭುಜ ಅಲುಗಿಸಿದಳು. “ಅತ್ತೆ, ಕಲಶ ಸ್ವಲ್ಪ ಬೇಗ ಕದಲಿಸಬಹುದಾ?”

“ಎಷ್ಟು ಬೇಗ?”

“ಈಗ.”

ಅಲಮೇಲಮ್ಮ ಒಂದು ಕಣ್ಣು ತೆರೆದರು. “ಲಕ್ಷ್ಮೀನ ಮನೆಗೆ ಕರೆದು, ಒಬ್ಬಟ್ಟು ಬಡಿಸಿ, ದೀಪ ಹಚ್ಚೋ ಹೊತ್ತಿಗೆ ‘ಎದ್ದು ಹೊರಡಮ್ಮ’ ಅಂತೀಯೇನೇ? ನಾಳೆ ಬೆಳಿಗ್ಗೆ ಪೂಜೆ ಆಗಿ ಕದಲಿಸೋವರೆಗೂ ಅಲ್ಲಿ ಒಂದು ಹೂವಿನ ಎಸಳೂ ಅಲ್ಲಾಡಕೂಡದು!” ಎಂದು ಆ ಕಣ್ಣನ್ನೂ ಮುಚ್ಚಿ ಮಗ್ಗುಲು ಬದಲಿಸಿದರು.

ಇನ್ನು ಉಳಿದದ್ದು ಶಸ್ತ್ರಚಿಕಿತ್ಸೆ. ಒಂದೇ ಒಂದು ಸಿಡಿ ಬಿಡಿಸಿಕೊಂಡರೆ ದೇವಿಗೂ ಗೊತ್ತಾಗದು, ಅತ್ತೆಗೂ ಗೊತ್ತಾಗದು. ಆದರೆ ಯಾವುದು? ಹೆಸರೆಲ್ಲ ಗಮ್ಮಿನಡಿ ಸಮಾಧಿ. ಲ್ಯಾಪ್‌ಟಾಪ್ ಹೊಸದು, ಹಾಗಾಗಿ ಅದರ ಸಿಡಿಯೂ ಹೊಸದು, ಹಾಗಾಗಿ ಎಲ್ಲಕ್ಕಿಂತ ಮಿರುಗುವ ಆ ತುತ್ತತುದಿಯದೇ ಇರಬೇಕೆಂದು ತರ್ಕಶಾಸ್ತ್ರ ಹೇಳಿತು. ಮೈತ್ರೇಯಿ ಸ್ಟೂಲು ಹತ್ತಿ, “ತಪ್ಪಾಯ್ತು ತಾಯಿ” ಎಂದು ಕೆನ್ನೆಗೆ ಬಡಿದುಕೊಂಡು, ತುದಿಯ ಸಿಡಿಯನ್ನು ಮೆಲ್ಲಗೆ ಮೀಟಿದಳು. ಬರಲಿಲ್ಲ. ಇನ್ನೊಂಚೂರು ಜೋರಾಗಿ ಎಳೆದಳು.

ಬಂತು. ಅದೊಂದೇ ಬರಲಿಲ್ಲ! ಇಡೀ ಪ್ರಭಾವಳಿ ‘ಪಟ್’ ಎಂದು ಗೋಡೆ ಬಿಟ್ಟು, ಮಂಟಪದ ಬಾಳೆಕಂಬ ಸವರಿಕೊಂಡು, ಅವಳ ತಲೆ ಮೇಲೊಂದು ಪೆಟ್ಟು ಕೊಟ್ಟು, ನೆಲಕ್ಕೆ ಬಿದ್ದು ಮೂರು ಹೋಳಾಯಿತು. ಪುಣ್ಯಕ್ಕೆ ಕಲಶ ಮಿಸುಕಲಿಲ್ಲ. ದೇವಿಯ ಮೂಗುತಿ ಕೂಡ ಅಲುಗಲಿಲ್ಲ.

ತುದಿಯ ಸಿಡಿ ಮಾತ್ರ ಕೈಯಲ್ಲಿತ್ತು. ಅಳುವುದಕ್ಕೆ ಸಮಯವಿಲ್ಲ! ಬೆನ್ನಿಗಂಟಿದ್ದ ಗಮ್ಮಿನ ಗಡ್ಡೆ, ಥರ್ಮೋಕೋಲ್ ಚೂರುಗಳ ಸಮೇತ ಲ್ಯಾಪ್‌ಟಾಪಿನ ಬಾಯಿಗೆ ತುರುಕಿದಳು. ಅದು ಒಮ್ಮೆ ‘ಗರ್ರ್’ ಎಂದಿತು, ಆಮೇಲೆ ‘ಕಟಕಟಕಟ’ ಎಂದಿತು. ಕೊನೆಗೆ ಒಣ ಕೊಬ್ಬರಿ ಸಿಕ್ಕಿಕೊಂಡ ಮಿಕ್ಸಿಯ ಹಾಗೆ ನರಳಿ ಸುಮ್ಮನಾಯಿತು. ಗುಂಡಿ ಒತ್ತಿದರೆ ಬಾಯಿ ಬಿಡದು, ಉಗುರು ಹಾಕಿದರೆ ಬಾಯಿ ಬಿಡದು.

ಅಷ್ಟರಲ್ಲಿ ಬಾಗಿಲ ಗಂಟೆ!

ಹೊಸ್ತಿಲಾಚೆ ನಿಂತಿದ್ದವಳಿಗೆ ಮಂಡಿಯುದ್ದ ಜಡೆಯಿರಲಿಲ್ಲ. ಸಾಧಾರಣ ಎತ್ತರದ, ದಪ್ಪ ಕನ್ನಡಕದ ಹುಡುಗಿ. ಕೈಯಲ್ಲಿ ಸೇವಂತಿಗೆ ಹೂ, ಕುತ್ತಿಗೆ ತುಂಬ ಬೆವರು. ಆದರೆ ಕೆನ್ನೆಯಲ್ಲಿ ಗುಳಿ ಇತ್ತು! ಮೈತ್ರೇಯಿಗೆ ಅದೊಂದೇ ಕಂಡಿತು.

“ಮೈತ್ರೇಯಿ ಅಕ್ಕ ಅಲ್ವಾ? ನಾನು ತ್ರಿವೇಣಿ. ಬಸ್ಸಲ್ಲಿ ಕಾಲಿಡೋಕ್ಕೂ ಜಾಗ ಇರ್ಲಿಲ್ಲ ಅಂತ ಪ್ಯಾಸೆಂಜರ್ ರೈಲಲ್ಲಿ ಬಂದ್ಬುಟ್ಟೆ. ಅನಿಕೇತ್ ಸರ್ ಮನೆ ಅಂದ್ರೆ ಯಾರೂ ತೋರಿಸ್ನಿಲ್ಲ. ಲ್ಯಾಪ್‌ಟಾಪ್ ಇರೋ ಮನೆ ಅಂದೆ, ಬೀದಿಗೆ ಬೀದಿನೇ ಬೆಟ್ಟು ಮಾಡ್ತು!” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಅಕ್ಕ, ನಿಮ್ ತಲೆ ಮೇಲೆ ಜರಿ ಐತಲ್ಲ, ಅದೇನು ಪೂಜೆದಾ?” ಎಂದು ಕೇಳಿದಳು.

ಮೈತ್ರೇಯಿ ಅವಳನ್ನು ಒಳಗೆ ಕರೆದೊಯ್ದು, ಮೊದಲು ಮೂರು ಹೋಳನ್ನೂ ಆಮೇಲೆ ಬಾಯಿ ಕಚ್ಚಿಕೊಂಡ ಲ್ಯಾಪ್‌ಟಾಪನ್ನೂ ತೋರಿಸಿದಳು.

ತ್ರಿವೇಣಿ ಲ್ಯಾಪ್‌ಟಾಪನ್ನು ವಾರೆ ಮಾಡಿ ನೋಡಿದಳು. “ನಿಮ್ ಬಳೇಲಿ ಪಿನ್ ನೇತಾಕಿದೀರಲ್ಲ, ಕೊಡಿ.” ಸಿಡಿಯ ತಟ್ಟೆಯ ಪಕ್ಕದಲ್ಲಿ ಸಾಸಿವೆಕಾಳಿನಷ್ಟು ತೂತೊಂದಿತ್ತು. ಅದರೊಳಗೆ ಪಿನ್ನು ಚುಚ್ಚಿದ್ದೇ ತಡ, ತಟ್ಟೆ ಈಚೆ ಬಂತು! ಇಷ್ಟೂ ಕಾಲ ಪಿನ್ನು ತನ್ನ ಬಳೆಯಲ್ಲೇ ನೇತಾಡುತ್ತಿತ್ತಲ್ಲ ಎಂದು ಮೈತ್ರೇಯಿಯ ಹೊಟ್ಟೆಯೊಳಗೆ ಒಂದು ಒಲೆ ಹೊತ್ತಿಕೊಂಡಿತು. ಗಮ್ಮು ಒರೆಸಿ ಸಿಡಿಯ ಬೆನ್ನು ಓದಿದರೆ: ‘ಮೈಕ್ರೋವೇವಿನಲ್ಲಿ ಮೂವತ್ತು ಬಗೆಯ ಸೂಪುಗಳು.’

“ನೀವೇ ಮಾಡಿಬಿಡಿ” ಎಂದು ಮೈತ್ರೇಯಿ ಸೋತ ದನಿಯಲ್ಲಿ ಅಂದಳು. “ಹೇಗೂ ನೀವು ಲಿನಕ್ಸ್ ಎಕ್ಸ್‌ಪರ್ಟು.”

ತ್ರಿವೇಣಿ ಬಾಗಿಲ ಕಡೆ ನೋಡಿದಳು. ದನಿ ತಗ್ಗಿಸಿದಳು. “ಅಕ್ಕ, ಸರ್‌ಗೆ ಹೇಳ್ಬ್ಯಾಡಿ. ನನ್ ಮಿಷಿನ್ನಲ್ಲೇ ಎಂಟು ತಿಂಗ್ಳಿಂದ ವೈರ್‌ಲೆಸ್ ಬಂದಿಲ್ಲ!”

“ಆಂ?”

“ಒಂದಿನ ಸ್ಟಾಫ್ ರೂಮಲ್ಲಿ ನೆಟ್ಟಿಂದ ಯಾವ್ದೋ ಎರಡು ಸಾಲು ಓದಿ ಹೇಳ್ದೆ ಅಷ್ಟೇಯ. ಅವತ್ತಿಂದ ಸರ್ ನನ್ನ ಎಕ್ಸ್‌ಪರ್ಟ್ ಮಾಡ್ಬುಟ್ರು. ಎಚ್‌ಓಡಿ ಕಿವಿಗೂ ಬಿತ್ತು. ಇವ್ರಿಗೇ ಲಿನಕ್ಸ್ ಲ್ಯಾಬ್ ಕೊಟ್ಟು ಕೆಲ್ಸ ಪರ್ಮನೆಂಟ್ ಮಾಡಾನ ಅಂತವ್ರೆ. ಇವತ್ತು ಇಲ್ಲಿ ಆಗ್ನಿಲ್ಲ ಅಂದ್ರೆ ಸೋಮವಾರ ಕಾಲೇಜಿಗೆಲ್ಲ ಗೊತ್ತಾಯ್ತದೆ. ನಿಮ್ ಧೈರ್ಯದ ಮೇಲೆ ಬಂದೆ ಕಣಕ್ಕ.”

“ನನ್ನ ಧೈರ್ಯವಾ?”

“ಹೂಂ ಮತ್ತೆ! ಸರ್ ದಿನಾ ಊಟದ ಡಬ್ಬಿ ತೆಗೀತಾ ಅದ್ನೇ ಹೇಳ್ತಾರೆ. ನಮ್ ಮೈತ್ರಿ ಕಂಪ್ಯೂಟರ್ ಸೈನ್ಸು, ಫಸ್ಟ್ ಕ್ಲಾಸು, ಅವ್ಳು ಕೂತ್ರೆ ಹತ್ತು ನಿಮಿಷದ ಕೆಲ್ಸ ಅಂತ. ನಂಗಂತೂ ಹೊಟ್ಟೆ ಉರ್ದೋಗದು, ಬೇಜಾರ್ ಮಾಡ್ಕಬ್ಯಾಡಿ!”

ಮೈತ್ರೇಯಿಯ ಎದೆಯಲ್ಲಿ ಮಲ್ಲಿಗೆ ಅರಳಿತು; ಮರುಕ್ಷಣವೇ ಅದಕ್ಕೆ ಮುಳ್ಳೂ ಬೆಳೆಯಿತು. ಅಲ್ಲಿ ದಿನಾ ಹೇಳುವವರು ಇಲ್ಲಿ ಒಂದು ದಿನವಾದರೂ ಹೇಳಿದ್ದಾರಾ? ತನ್ನ ಹೊಗಳಿಕೆಯನ್ನೂ ಇವಳೇ ಕೇಳಿಸಿಕೊಂಡು ಕೂತಿದ್ದಾಳಲ್ಲ!

ಆದರೂ ಕೂತು ಕೊರಗಲು ವೇಳೆಯಿರಲಿಲ್ಲ. ತ್ರಿವೇಣಿ ಒಂದು ಸಿಡಿಯನ್ನು ಥರ್ಮೋಕೋಲಿನಿಂದ ಬರ್ರನೆ ಕಿತ್ತಳು. ಅದರ ಬೆಳ್ಳಿಯ ಪೊರೆಯೆಲ್ಲ ಗಮ್ಮಿಗೆ ಅಂಟಿಕೊಂಡು, ಕೈಗೆ ಬಂದದ್ದು ಬರೀ ಗಾಜಿನಂಥ ಬಿಲ್ಲೆ.

“ಅಯ್ಯೋ, ನಿಲ್ಲಿಸಿ!” ಎಂದು ಮೈತ್ರೇಯಿ ಕೂಗಿದಳು. “ಹಿಟ್ಟು ಒಣಗಿದ ಪಾತ್ರೇನ ಯಾರಾದ್ರೂ ಹಾಗೆ ಕೆರೀತಾರೇನ್ರೀ? ನೆನೆಹಾಕಬೇಕು!” ಎಂದು ಅಡುಗೆಮನೆಗೆ ಓಡಿ ಪರಾತದ ತುಂಬ ಬೆಚ್ಚನೆಯ ನೀರು ತಂದಳು. ಹೋಳುಗಳನ್ನು ಅದರಲ್ಲಿ ಮುಳುಗಿಸಿದರು. ಗಮ್ಮು ಕರಗಿ ಗಂಜಿಯಾಯಿತು. ಸಿಡಿಗಳು ಒಂದೊಂದೇ ಹಪ್ಪಳದ ಹಾಗೆ ತೇಲಿದವು. ಒಬ್ಬಳು ಎತ್ತುವುದು, ಇನ್ನೊಬ್ಬಳು ಒರೆಸುವುದು. ಇಂಚರಳ ನಾಮಕರಣದ್ದು. ಬೇಡ. ಸುಪ್ರಭಾತ. ಬೇಡ. ಪ್ರಿಂಟರಿನದು. ಬೇಡ. ಹದಿನೇಳನೆಯದು ಸಿಕ್ಕಿತು! ಲ್ಯಾಪ್‌ಟಾಪ್ ಕಂಪನಿಯ ಹೆಸರು, ಕೆಳಗೆ ‘ಡ್ರೈವರ್ಸ್’.

“ಮೈತ್ರೇಯಿ! ಪ್ರಭಾವಳಿ ಎಲ್ಲೇ?”

ಬಾಗಿಲಲ್ಲಿ ಅಲಮೇಲಮ್ಮ ನಿಂತಿದ್ದರು. ಮಂಟಪದ ಹಿಂದೆ ಬೋಳು ಗೋಡೆ, ಮುಂದೆ ಪರಾತದಲ್ಲಿ ನೆನೆಯುತ್ತಿರುವ ಪ್ರಭೆ. ಮೈತ್ರೇಯಿ ಪರಾತಕ್ಕೆ ಸೆರಗು ಅಡ್ಡ ಹಿಡಿದಳು.

“ನಂದೇ ತಪ್ಪು ಅಮ್ಮ” ಎಂದು ತ್ರಿವೇಣಿ ಧಡಕ್ಕನೆ ಎದ್ದು ನಿಂತಳು. “ಎಷ್ಟು ಚೆಂದಾಗೈತೆ ಅಂತ ಮುಟ್ಟಿ ನೋಡ್ದೆ, ಬಿದ್ದೋಯ್ತು. ಕಲಶ ಮುಟ್ಟಿಲ್ಲಮ್ಮ, ಲಕ್ಷ್ಮಿ ಆಣೆ!”

ಅಲಮೇಲಮ್ಮನವರ ಮುಖ ಬೆಣ್ಣೆಯಾಯಿತು. “ಹೋಗ್ಲಿ ಬಿಡಮ್ಮ. ಹಬ್ಬದ ದಿನ ಮನೆಗೆ ಬಂದ ಹೆಣ್ಣುಮಗಳು ಕಣ್ಣಲ್ಲಿ ನೀರು ಹಾಕಬಾರದು. ಇವಳು ಸರಿಯಾಗಿ ಅಂಟಿಸಿದ್ರೆ ತಾನೆ ನಿಲ್ಲೋದಕ್ಕೆ!” ಎಂದು ಹತ್ತಿರವೇ ಕುರ್ಚಿ ಎಳೆದುಕೊಂಡು ಕೂತರು.

ಸಿಡಿ ಹಾಕಿದರು. ಈ ಸಲ ಲ್ಯಾಪ್‌ಟಾಪ್ ನರಳಲಿಲ್ಲ. ತ್ರಿವೇಣಿ ಪ್ರಿಂಟ್ ಹಾಳೆ ನೋಡಿ ಓದುತ್ತ ಹೋದಳು, ಮೈತ್ರೇಯಿ ಕಪ್ಪು ಪರದೆಯ ಮೇಲೆ ಕುಟ್ಟುತ್ತ ಹೋದಳು. ಎಲ್ಲಿ ಹಾಳೆಯ ದಾರಿ ಮುಚ್ಚಿಹೋಯಿತೋ ಅಲ್ಲಿ ಮೈತ್ರೇಯಿಯ ಬಿ.ಎಸ್ಸಿ. ಮೆಲ್ಲಗೆ ಕಣ್ಣುಜ್ಜಿಕೊಂಡು ಎದ್ದು ದಾರಿ ತೋರಿಸಿತು. ಕೊನೆಯ ಸಾಲಿಗೆ ಬಂದಾಗ ಲಿನಕ್ಸ್ ಬಾಗಿಲಿಗೆ ಅಡ್ಡ ಕೂತಿತು. ಪಾಸ್‌ವರ್ಡ್ ಬೇಕು!

“ಸರ್ ಪಾಸ್‌ವರ್ಡ್ ಏನಿರಬೌದು ಅಕ್ಕ? ಗಂಡಸ್ರು ಇಷ್ಟವಾದೋರ ಹೆಸರೇ ಇಟ್ಕಂಡಿರ್ತಾರೆ.”

ಇದೊಂದು ಪರೀಕ್ಷೆ ಬಾಕಿ ಇತ್ತು! ಮೈತ್ರೇಯಿ ಹೆಮ್ಮೆಯಿಂದ ತನ್ನ ಹೆಸರು ಕುಟ್ಟಿದಳು. ತಪ್ಪು. ಮಗಳ ಹೆಸರು ಕುಟ್ಟಿದಳು. ತಪ್ಪು. ಪುಣ್ಯಕ್ಕೆ ಈ ಲಿನಕ್ಸಿನಲ್ಲಿ ಪಾಸ್‌ವರ್ಡಿನ ಒಂದಕ್ಷರವೂ ಪರದೆಯ ಮೇಲೆ ಕಾಣುವುದಿಲ್ಲ. ಪಕ್ಕದಲ್ಲಿದ್ದವಳಿಗೆ ಗೊತ್ತಾಗದ ಹಾಗೆ ಮೂರನೆಯ ಹೆಸರು ಕುಟ್ಟಿದಳು. ತ್ರಿವೇಣಿ. ತಪ್ಪು! ಜೀವಮಾನದಲ್ಲಿ ಯಾವ ತಪ್ಪೂ ಅವಳಿಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ.

ಹಾಗಾದರೆ ಇನ್ಯಾರು?

ಕುರ್ಚಿಯಲ್ಲಿ ಅಲಮೇಲಮ್ಮ ಆಕಳಿಸಿದರು. ಮೈತ್ರೇಯಿ ನಿಧಾನವಾಗಿ ಅವರ ಕಡೆ ತಿರುಗಿ ನೋಡಿದಳು. ನೋಡುತ್ತಲೇ ಒಂದೊಂದೇ ಅಕ್ಷರ ಕುಟ್ಟಿದಳು.

ಬಾಗಿಲು ತೆರೆಯಿತು. ಲ್ಯಾಪ್‌ಟಾಪಿನ ಅಂಚಿನಲ್ಲಿ ಒಂದು ತಿಂಗಳಿಂದ ಸತ್ತುಬಿದ್ದಿದ್ದ ಪುಟ್ಟ ದೀಪ ಮಿಟುಕಿತು. ನೀಲಿ!

“ಬಂತು! ಅಕ್ಕ, ಬಂತು ಕಣಕ್ಕ!” ಎಂದು ತ್ರಿವೇಣಿ ಅವಳ ಕುತ್ತಿಗೆ ತಬ್ಬಿಕೊಂಡಳು.

“ಯಾವ ಹೆಸರಮ್ಮ ಅದು?” ಎಂದು ಅಲಮೇಲಮ್ಮ ಕೇಳಿದರು.

“ಲಕ್ಷ್ಮಿಯ ಹೆಸರೇ ಅತ್ತೆ” ಎಂದು ಮೈತ್ರೇಯಿ ಹಲ್ಲು ಕಚ್ಚಿದಳು. ಅಲಮೇಲು ಎಂದರೂ ಲಕ್ಷ್ಮಿಯೇ ತಾನೆ, ಸುಳ್ಳೇನಲ್ಲ. ಗುಬ್ಬಿಯ ಕಡೆ ಒಂದು ತಿಂಗಳು ಕಣ್ಣು ನೆಟ್ಟು ಕಾವಲು ಕಾದಳು. ಕೋಟೆ ಎಂದೋ ಮನೆಯೊಳಗಿನವರ ವಶವಾಗಿತ್ತು.

ಅಷ್ಟರಲ್ಲಿ ಅನಿಕೇತ್ ಬಂದ. ಪೌಡರ್ ಹರಿದು ಕಾಲುವೆಗಳಾಗಿದ್ದವು. “ಗುಬ್ಬಿ ಬಸ್ಸು ನಾಲ್ಕು ನೋಡಿದೆ! ಒಂದ್ರಲ್ಲೂ...” ಎನ್ನುತ್ತಿದ್ದವನ ಕಣ್ಣು ನೀಲಿ ದೀಪಕ್ಕೆ ಬಿತ್ತು. “ಆಹಾ! ಬಂದೇಬಿಡ್ತಾ! ನಾನು ಹೇಳ್ಲಿಲ್ವಾ ಮೈತ್ರಿ? ತ್ರಿವೇಣಿ ಮೇಡಂ ಕಾಲಿಟ್ರೆ ಸಾಕು ಅಂತ! ಸೋಮವಾರವೇ ಎಚ್‌ಓಡಿಗೆ ಹೇಳ್ತೀನಿ!”

ತ್ರಿವೇಣಿಯ ಮುಖ ಬಿಳಿಚಿತು. “ಇಲ್ಲ ಸರ್, ನಿಜ ಹೇಳ್ಬೇಕು ಅಂದ್ರೆ ಅಕ್ಕಾನೇ...”

‘ನಾನು! ನಾನೇ ಮಾಡಿದ್ದು!’ ಎಂಬ ಮಾತು ಮೈತ್ರೇಯಿಯ ಹಲ್ಲಿನ ಹಿಂದೆ ಕುದಿಯುತ್ತಿತ್ತು. ಒಂದು ತಿಂಗಳ ಹೊಟ್ಟೆಕಿಚ್ಚಿಗೆ ಒಂದೇ ಮಾತಿನಲ್ಲಿ ನೀರು ಸುರಿಯಬಹುದಿತ್ತು. ಆದರೆ ಎದುರಿಗಿದ್ದವಳು ಈಗಷ್ಟೇ ಮೈತ್ರೇಯಿಯ ತಪ್ಪನ್ನು ತನ್ನ ತಲೆ ಮೇಲೆ ಹೊತ್ತಿದ್ದಳು. ಆ ಹುಡುಗಿಯ ಕೆಲಸ ಈ ಒಂದು ಮಾತಿನ ಮೇಲೆ ನೇತಾಡುತ್ತಿತ್ತು. ಬಿಸಿ ಹೂರಣ ಬಾಯಿಗೆ ಹಾಕಿಕೊಂಡವಳ ಹಾಗೆ ಮೈತ್ರೇಯಿ ಕಣ್ಣು ಮುಚ್ಚಿ ನುಂಗಿದಳು.

“ಹೌದ್ರೀ. ಅವರು ಬರದೇ ಇದ್ದಿದ್ರೆ ಆಗ್ತಾನೇ ಇರ್ಲಿಲ್ಲ” ಅಂದಳು.

“ನಾನೇ ಕಣ್ಣಾರೆ ಕಂಡೆನಲ್ಲ!” ಎಂದು ಅಲಮೇಲಮ್ಮ ಸಾಕ್ಷಿ ನುಡಿದರು. “ಆ ಹುಡುಗಿ ಮಂತ್ರ ಹೇಳಿದ ಹಾಗೆ ಹೇಳ್ತಾ ಇದ್ಲು, ನಿನ್ನ ಹೆಂಡ್ತಿ ಸುಮ್ನೆ ಕುಟ್ತಾ ಇದ್ಲು.”

ತ್ರಿವೇಣಿಗೆ ಅರಿಸಿನ ಕುಂಕುಮ, ತೆಂಗಿನಕಾಯಿ, ಮೈತ್ರೇಯಿ ತನಗೆಂದು ಕಣ್ಣಿಟ್ಟಿದ್ದ ಹಸಿರು ರೇಷ್ಮೆಯ ರವಿಕೆ ಬಟ್ಟೆ ಎಲ್ಲ ಸಂದವು. ಹೊರಡುವಾಗ ಅವಳು ಮೈತ್ರೇಯಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಒಂದು ಗಳಿಗೆ ಬಿಡಲಿಲ್ಲ. ಅನಿಕೇತ್ ಅವಳನ್ನು ಸ್ಟೇಷನ್ನಿಗೆ ಬಿಡಲು ಹೋದ.

ಅಲಮೇಲಮ್ಮ ಬಾಗಿಲಲ್ಲೇ ನಿಂತು ಸ್ಕೂಟರು ಮರೆಯಾಗುವವರೆಗೂ ನೋಡಿದರು. ಆಮೇಲೆ ಮಂಟಪದ ಹಿಂದಿನ ಬೋಳು ಗೋಡೆ ನೋಡಿದರು, ಪರಾತ ತೊಳೆಯುತ್ತಿದ್ದ ಸೊಸೆಯನ್ನು ನೋಡಿದರು, ಉದ್ದಕ್ಕೆ ನಿಟ್ಟುಸಿರು ಬಿಟ್ಟರು.

“ಎರಡು ದಿನ ಕೂತು, ಒಂದು ಡಬ್ಬಿ ಗಮ್ಮು ಸುರಿದು ನೀನು ಅಂಟಿಸಿದ್ದು ಒಂದು ಸಂಜೆ ನಿಲ್ಲಲಿಲ್ಲವಲ್ಲೇ. ಆ ಹುಡುಗಿ ನೋಡು, ವೈರು ಕೂಡ ಇಲ್ಲದೆ ಅಂಟಿಸಿ ಹೋದ್ಲು!”